ಒಂದು ಸರ್ವರಿನ ಜಾಬ್‌ಗಳನ್ನು ಹುಡುಕಿದ ಶನಿವಾರ

ನಮ್ಮ ತಂಡ ಬೆಂಗಳೂರಿನಿಂದ ನೋಡಿಕೊಳ್ಳುತ್ತಿದ್ದ ಸರ್ವರ್‌ಗಳಲ್ಲಿ ಒಂದಕ್ಕೆ ಆ ಶನಿವಾರ ರಾತ್ರಿ 11 ಗಂಟೆಗೆ ಆಪರೇಟಿಂಗ್ ಸಿಸ್ಟಂ ಪ್ಯಾಚ್ ಹಾಕುವುದಿತ್ತು. ಅದಕ್ಕೆ ಮೊದಲು ಆ ಸರ್ವರಿನ ಮೇಲೆ ಓಡುವ ಬ್ಯಾಚ್ ಜಾಬ್‌ಗಳನ್ನೆಲ್ಲ, ಅಂದರೆ ನಿಗದಿತ ಹೊತ್ತಿಗೆ ತಾವಾಗಿಯೇ ಓಡುವ ಪ್ರೋಗ್ರಾಂಗಳನ್ನೆಲ್ಲ, ಪಟ್ಟಿ ಮಾಡಿ ತಡೆಹಿಡಿಯುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಜಾಬ್‌ಗಳು, ಅವನ್ನು ವೇಳೆಗೆ ಸರಿಯಾಗಿ ಓಡಿಸುವ ಆಟೋಸಿಸ್ ಎಂಬ ತಂತ್ರಾಂಶದಲ್ಲಿದ್ದವು. ಅದರಲ್ಲಿ ವರದಿ ಕೊಡುವ ಆಟೋರೆಪ್ ಕಮಾಂಡಿಗೆ 'ಕ್ಯೂ' ಆಯ್ಕೆ ಕೊಟ್ಟರೆ ಪ್ರತಿ ಜಾಬಿನ ಪೂರ್ಣ ವಿವರ ಜಾಬ್‌ಗಳನ್ನು ವಿವರಿಸುವ ಜಿಲ್ ಭಾಷೆಯಲ್ಲಿ ಬರುತ್ತದೆ: ಮೊದಲ ಸಾಲಿನಲ್ಲಿ ಜಾಬಿನ ಹೆಸರು, ಅನಂತರ ಒಂದೊಂದೇ ಸಾಲಿನಲ್ಲಿ ಅದು ಸೇರಿರುವ ಬಾಕ್ಸ್ (ಜಾಬ್‌ಗಳ ಗುಂಪು), ಓಡಿಸಬೇಕಾದ ಕಮಾಂಡ್, ಮೆಷೀನ್ (ಅದು ಓಡುವ ಸರ್ವರ್), ಹೊರಡುವ ಸಮಯ. ನಾನು ಮೊದಲು, ಕೊಟ್ಟ ಪದವಿರುವ ಸಾಲುಗಳನ್ನು ಹುಡುಕಿಕೊಡುವ ಗ್ರೆಪ್ ಕಮಾಂಡ್ ಹಿಡಿದೆ. ಗ್ರೆಪ್ ಸಾಲನ್ನಷ್ಟೇ ಬಲ್ಲದು. ಮೆಷೀನಿನ ಸಾಲು ಸಿಕ್ಕಿತೇ ಹೊರತು ಅದು ಯಾವ ಜಾಬಿನದೆಂದು ತಿಳಿಯಲಿಲ್ಲ. ಹಿಂದಿನ ಕೆಲವು ಸಾಲುಗಳನ್ನೂ ತೋರಿಸೆಂದು ಕೇಳಿದರೂ ಪ್ರಯೋಜನವಾಗಲಿಲ್ಲ, ಏಕೆಂದರೆ ಬಾಕ್ಸಿನೊಳಗಿರುವ ಜಾಬಿಗೆ ಒಂದು ಸಾಲು ಹೆಚ್ಚು, ಹೊರಗಿರುವುದಕ್ಕೆ ಕಡಿಮೆ. ಸಾಲದ್ದಕ್ಕೆ, ಹೆಸರಿನ ಕೊನೆಯಲ್ಲಿ 1 ಇರುವ ಸರ್ವರನ್ನು ಹುಡುಕಿದಾಗ 10 ಮತ್ತು 11ರ ಸಾಲುಗಳೂ ಜೊತೆಗೆ ಬಂದವು.

ಆಗ ಪಠ್ಯವನ್ನು ಸಾಲುಸಾಲಾಗಿ ಸಂಸ್ಕರಿಸುವ ಆಕ್ ಕಡೆಗೆ ಹೊರಳಿದೆ. 1977ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಈ ಪುಟ್ಟ ಭಾಷೆಯ ಮೇಲೆ ನನಗೆ ಆ ಶನಿವಾರದಿಂದ ನಿಜವಾದ ಗೌರವವಿದೆ, ಏಕೆಂದರೆ ಅದು ನೆನಪಿಟ್ಟುಕೊಳ್ಳಬಲ್ಲದು. ಜಾಬಿನ ಹೆಸರಿರುವ ಸಾಲು ಬಂದಾಗ ಎರಡನೆಯ ಪದವನ್ನು ಎತ್ತಿಟ್ಟುಕೋ, ಮುಂದೆ ಮೆಷೀನಿನ ಸಾಲು ಬಂದು ಅದರ ಎರಡನೆಯ ಪದ ನಮ್ಮ ಸರ್ವರಿನ ಹೆಸರಿಗೆ ಅಕ್ಷರಶಃ ಸಮವಾಗಿದ್ದರೆ ಎತ್ತಿಟ್ಟದ್ದನ್ನು ಮುದ್ರಿಸು ಎಂಬಷ್ಟೇ ಆಜ್ಞೆ. ಪಟ್ಟಿ ಚೊಕ್ಕಟವಾಗಿ ಬಂತು.

ಅದನ್ನು ನೋಡಿದ ಹಿರಿಯ ಸಹೋದ್ಯೋಗಿ, "ವರ್ಚುಯಲ್ ಮೆಷೀನ್ ಹೆಸರಲ್ಲಿರೋ ಜಾಬ್‌ಗಳನ್ನ ತಗೊಂಡಿದ್ದೀರಾ?" ಎಂದು ಕೇಳಿದರು. ನಾನು ತೆಗೆದುಕೊಂಡಿರಲಿಲ್ಲ. ಆಟೋಸಿಸ್‌ನಲ್ಲಿ ಕೆಲವು ನಿಜವಾದ ಸರ್ವರ್‌ಗಳನ್ನು ಸೇರಿಸಿ ಒಂದು ವರ್ಚುಯಲ್ ಹೆಸರಿಡಬಹುದು. ಜಾಬಿನ ವಿವರದಲ್ಲಿ ಆ ಹೆಸರು ಮಾತ್ರ ಇರುತ್ತದೆ, ಸರ್ವರಿನ ಹೆಸರು ಎಲ್ಲೂ ಇರುವುದಿಲ್ಲ. ಮೆಷೀನ್‌ಗಳ ವಿವರವನ್ನೂ ಆಟೋರೆಪ್‌ನಿಂದಲೇ ತೆಗೆದು, ನಮ್ಮ ಸರ್ವರ್ ಯಾವ ಯಾವ ವರ್ಚುಯಲ್ ಹೆಸರುಗಳಡಿ ಇದೆಯೆಂದು ಅದೇ ಆಕ್ ತಂತ್ರದಿಂದ ಕಂಡುಕೊಂಡು, ಆ ಹೆಸರುಗಳಿಂದ ಜಾಬ್‌ಗಳನ್ನು ಮತ್ತೊಮ್ಮೆ ಸೋಸಿದೆ. ಅಂಥ ಎರಡು ಹೆಸರುಗಳಿದ್ದವು. ಒಂದರಲ್ಲಿ ಬೇರೆ ಸರ್ವರ್‌ಗಳೂ ಇದ್ದುದರಿಂದ ನಮ್ಮದನ್ನು ಆಫ್‌ಲೈನ್ ಮಾಡಿದರೆ ಜಾಬ್‌ಗಳು ಉಳಿದವುಗಳ ಮೇಲೆ ಓಡುತ್ತಿದ್ದವು. ಇನ್ನೊಂದರಲ್ಲಿ ಇದ್ದದ್ದು ನಮ್ಮ ಸರ್ವರ್ ಒಂದೇ. ಅದರ ಜಾಬ್‌ಗಳು ನನ್ನ ಮೊದಲ ಪಟ್ಟಿಯಲ್ಲಿ ಒಂದೂ ಇರಲಿಲ್ಲವೆಂಬುದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಪಟ್ಟಿಯನ್ನು ಒಂದು ಫೈಲಿಗೆ ಬರೆದು, ಸಾಲುಸಾಲಾಗಿ ಓದಿ ಪ್ರತಿ ಜಾಬನ್ನೂ ಆಟೋಸಿಸ್‌ಗೆ ಆಜ್ಞೆ ಕಳಿಸುವ ಸೆಂಡ್‌ಇವೆಂಟ್ ಕಮಾಂಡಿನ ಮೂಲಕ 'ಆನ್ ಹೋಲ್ಡ್' ಮಾಡಿದೆ. ತಡೆಹಿಡಿಯುವ ಇನ್ನೊಂದು ಬಗೆಯಾದ 'ಆನ್ ಐಸ್' ಮಾಡಬಾರದೆಂಬುದರಲ್ಲಿ ನನಗೆ ಸಂಶಯವಿರಲಿಲ್ಲ: ಐಸ್‌ನಲ್ಲಿಟ್ಟ ಜಾಬನ್ನು ಕಾಯುವ ಮುಂದಿನ ಜಾಬ್‌ಗಳು ಅದು ಮುಗಿದೇ ಹೋಯಿತೆಂಬಂತೆ ಹೊರಟುಬಿಡುತ್ತವೆ, ದತ್ತಾಂಶ ಬಂದಿರದಿದ್ದರೂ ವರದಿಗಳು ತಯಾರಾಗುತ್ತವೆ. ಹೋಲ್ಡ್‌ನಲ್ಲಿಟ್ಟರೆ ಅವೂ ಕಾಯುತ್ತವೆ.

ಪ್ಯಾಚ್ ಮುಗಿದು ಸರ್ವರ್ ಮೇಲೆದ್ದ ಬಳಿಕ ಆಫ್‌ಲೈನ್ ಮಾಡಿದ್ದ ಅದನ್ನು ಮತ್ತೆ ಆನ್‌ಲೈನ್ ಮಾಡಿ, ಅದೇ ಫೈಲನ್ನು ಓದಿ ಹೋಲ್ಡ್ ತೆಗೆದೆ. ಸಮಯ ಮೀರಿ ಕಾದಿದ್ದ ಜಾಬ್‌ಗಳು ಕೂಡಲೇ ಓಡತೊಡಗಿದವು. ಅವೆಲ್ಲ 'ಸಕ್ಸೆಸ್' ತೋರಿಸುವವರೆಗೆ ನಾವಿಬ್ಬರೂ ಪರದೆಯ ಮುಂದಿನಿಂದ ಏಳಲಿಲ್ಲ.