ನಮ್ಮ ಡಿಸೆಂಬರ್‌ಗೆ ಕೆಸರಿನ ಟೈರ್ ಯಾಕೆ?

14 ಡಿಸೆಂಬರ್ 2025, ಭಾನುವಾರ, ಉಡುಪಿ

ಬೆಳಿಗ್ಗೆ ಮಂಗಳೂರಿನಿಂದ ಭಾವನ ಫೋನ್. ಅವರ ಸೈಕ್ಲೋಕ್ರಾಸ್ ಸೈಕಲ್ಲಿನ ಟೈರ್ ಸವೆದು ನುಣ್ಣಗಾಗಿದೆ, ಹೊಸದು ತರಿಸಬೇಕು. ಯಾವುದು ಅಂತ ಆರಿಸಿಯೂ ಆಗಿದೆ: ಉದ್ದುದ್ದ ಬಟನ್ (ನೆಲ ಕಚ್ಚುವ ರಬ್ಬರ್ ಗುಬ್ಬಿ) ಇರುವ ಕೆಸರಿನ ಟೈರ್. "ಎಂತಕ್ಕೆ ಭಾವ ಅದು ನಿಮಗೆ?" ಅಂದೆ. "ಚಳಿಗಾಲಕ್ಕೆ ಅದೇ ಒಳ್ಳೆದು ಅಂತ ಎಲ್ಲ ಕಡೆ ಬರೆದಿದ್ದಾರಲ್ಲ ಮಾರಾಯ" ಅಂದರು.

ಬರೆದಿದ್ದಾರೆ, ಸರಿ. ಆದರೆ ಬರೆದವರ ಚಳಿಗಾಲ ಬೇರೆ. ಸೈಕ್ಲೋಕ್ರಾಸ್ ಅಂದರೆ ಬೆಲ್ಜಿಯಂ, ನೆದರ್ಲೆಂಡ್ಸ್ ಕಡೆ ಹುಚ್ಚು ಹಿಡಿಸುವ ಸೈಕಲ್ ರೇಸಿನ ಆಟ. ರೇಸುಗಳು ನಡೆಯುವುದು ಹೆಚ್ಚಾಗಿ ಸೆಪ್ಟೆಂಬರ್‌ನಿಂದ ಫೆಬ್ರವರಿವರೆಗೆ, ಮಳೆಯಲ್ಲಿ, ಒದ್ದೆ ಹುಲ್ಲಿನಲ್ಲಿ, ಕೆಸರಿನಲ್ಲಿ. ತುಳಿಯಲು ಆಗದಿದ್ದರೆ ಸೈಕಲ್ಲನ್ನು ಹೆಗಲಿಗೆ ಹಾಕಿಕೊಂಡು ಓಡುತ್ತಾರೆ. ನಮಗೆ ಅಂಥ ನೆಲ ಸಿಗುವುದು ಜುಲೈನಲ್ಲಿ. ಡಿಸೆಂಬರ್‌ನಲ್ಲಿ ಎಣೆಲು (ಮಳೆಗಾಲದ ಭತ್ತ) ಕೊಯ್ಲು ಮುಗಿದಿರುತ್ತದೆ, ಎರಡನೇ ಬೆಳೆ ಇಲ್ಲದ ಗದ್ದೆ ಒಣಗಿ ಗಟ್ಟಿಯಾಗಿರುತ್ತದೆ, ಮಣಿಪಾಲದ ಕಡೆ ಗುಡ್ಡೆ ಹತ್ತಿದರೆ ಬರೀ ಮುರಕಲ್ಲು (ಜಂಬಿಟ್ಟಿಗೆ ಕಲ್ಲು).

ಈ ಮುರಕಲ್ಲೇ ನೋಡಿ ತಂಟೆ. ಕೆಳಗೆ ಸಿಮೆಂಟಿನಷ್ಟು ಗಟ್ಟಿ ನೆಲ, ಮೇಲೆ ಸಡಿಲ ಹರಳು. ಅದರ ಮೇಲೆ ಗೇರು ಮರದ ಒಣ ಎಲೆ ಬಿದ್ದಿದ್ದರೆ ಕೇಳುವುದೇ ಬೇಡ. ಕೆಸರಿನ ಟೈರಿನಲ್ಲಿ ಬಟನ್‌ಗಳು ಎತ್ತರಕ್ಕೆ, ದೂರ ದೂರ ಇರುತ್ತವೆ, ಚಕ್ರ ತಿರುಗುವಾಗ ಮಣ್ಣು ಅಂಟಿ ಕೂರದೆ ಉದುರಿ ಹೋಗಲಿ ಅಂತ. ಗಟ್ಟಿ ನೆಲದ ತಿರುವಿನಲ್ಲಿ ಅದೇ ಬಟನ್ ಪಕ್ಕಕ್ಕೆ ಮಡಚುತ್ತದೆ, ಸೈಕಲ್ ಅತ್ತಿತ್ತ ಜಾರಿದ ಹಾಗೆ ಆಗುತ್ತದೆ. ಡಾಮರಿನ ಮೇಲಂತೂ ಸುಮ್ನೆ ಸದ್ದು, ಸವೆತವೂ ಜಾಸ್ತಿ.

ನಮ್ಮ ಒಣ ಕಾಲಕ್ಕೆ ನಡುವೆ ಸಣ್ಣ ಪ್ಯಾಟರ್ನ್, ಅಂಚಿನಲ್ಲಿ ಮಾತ್ರ ಬಟನ್ ಇರುವುದು ಸಾಕು. ಚಾಲೆಂಜ್ ಕಂಪನಿಯ ಚಿಕೇನ್ ಈ ಜಾತಿ, ಗ್ರಿಫೊ ಎಲ್ಲದಕ್ಕೂ ಆಗುವಂಥದ್ದು, ಲಿಮಸ್ ಕೆಸರಿಗೆ. ವಿಟ್ಟೋರಿಯಾದವರು ಟೆರೆನೊ ಡ್ರೈ, ಮಿಕ್ಸ್, ವೆಟ್ ಅಂತಲೇ ಹೆಸರಿಟ್ಟಿದ್ದಾರೆ, ತಲೆ ಕೆಡಿಸಿಕೊಳ್ಳುವ ಕೆಲಸವೇ ಇಲ್ಲ. ಎರಡೂ ಚಕ್ರಕ್ಕೆ ಒಂದೇ ಹಾಕಬೇಕೆಂದೂ ಇಲ್ಲ. ನಾನಾದರೆ ಮುಂದೆ ಮಿಕ್ಸ್, ಹಿಂದೆ ಡ್ರೈ ಹಾಕುತ್ತೇನೆ. ಹಿಂದಿನ ಚಕ್ರ ಜಾರಿದರೆ ಹೇಗಾದರೂ ಸಂಭಾಳಿಸಬಹುದು, ಮುಂದಿನದ್ದು ಜಾರಿದರೆ ನೇರ ನೆಲಕ್ಕೇ ಅಲ್ವಾ.

ಆಮೇಲೆ ಅಗಲ. ಭಾವ 33 ಮಿಲಿಮೀಟರನ್ನೇ ಹಿಡಿದುಕೊಂಡಿದ್ದರು. ಅದು ಯುಸಿಐ (ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ) ರೇಸಿನ ಮಿತಿ, ನಮ್ಮ ಗುಡ್ಡೆಯಲ್ಲಿ ಅಳೆಯಲು ಯಾರು ಬರುತ್ತಾರೆ? ಫ್ರೇಮಿನಲ್ಲಿ ಜಾಗ ಇದ್ದರೆ 35, ಇನ್ನೂ ಇದ್ದರೆ 38 ಹಾಕಲಿ.

ಇಷ್ಟು ಹೇಳಿದರೂ ನನ್ನ ಲೆಕ್ಕದಲ್ಲಿ ಪ್ಯಾಟರ್ನ್‌ಗಿಂತ ಗಾಳಿ ದೊಡ್ಡದು. ಜನ ಕಲ್ಲಿನ ಹಾಗೆ ಗಾಳಿ ತುಂಬಿಸಿಕೊಂಡು ಬಂದು ಗ್ರಿಪ್ ಇಲ್ಲ ಅಂತ ಟೈರಿಗೆ ಬೈಯುತ್ತಾರೆ. ಕಡಿಮೆ ಗಾಳಿಯಲ್ಲಿ ಟೈರ್ ನೆಲಕ್ಕೆ ಒತ್ತಿಕೊಂಡು ಹೋಗುತ್ತದೆ, ಕೈಗೂ ಆರಾಮ. ಆದರೆ ಟ್ಯೂಬ್ ಇದ್ದರೆ ತುಂಬಾ ಇಳಿಸುವಂತಿಲ್ಲ, ಮುರಕಲ್ಲಿನ ಅಂಚಿಗೆ ಬಡಿದ ಕೂಡಲೇ ಟ್ಯೂಬ್ ರಿಮ್ಮಿಗೆ ಸಿಕ್ಕಿ ಜೋಡಿ ತೂತು ಬೀಳುತ್ತದೆ. ಭಾವನ ತೂಕ 70 ಕೆಜಿ ಆಸುಪಾಸು, 35ರ ಟೈರಿಗೆ ಟ್ಯೂಬ್ ಜೊತೆ 40 ಪಿಎಸ್ಐಯಿಂದ ಶುರು ಮಾಡಿ ಅಂದೆ. ಟ್ಯೂಬ್‌ಲೆಸ್ ಆದರೆ 30ರ ಹತ್ತಿರ ಹೋಗಬಹುದು, ನಾಚಿಕೆ ಮುಳ್ಳು ಚುಚ್ಚಿದರೂ ಟೈರಿನ ಒಳಗೆ ಹಾಕಿದ ಸೀಲಂಟ್ ದ್ರವ ತೂತು ಮುಚ್ಚುತ್ತದೆ. ಒಂದೇ ಕಿರಿಕಿರಿ, ನಮ್ಮ ಸೆಕೆಗೆ ಆ ದ್ರವ ಬೇಗ ಒಣಗುತ್ತದೆ, ಎರಡು ತಿಂಗಳಿಗೊಮ್ಮೆ ಬಿಚ್ಚಿ ನೋಡಲೇಬೇಕು. ಟೈರಿನ ಪಕ್ಕದ ಗೋಡೆ ತೀರಾ ತೆಳ್ಳಗಿರುವುದೂ ಬೇಡ. ರೇಸಿನವರಿಗೆ ಅದು ಮೆತ್ತಗೆ, ಹಗುರ ಅಂತ ಇಷ್ಟ, ನಮ್ಮ ಕಲ್ಲಿಗೆ ಅದು ಹರಿಯುತ್ತದೆ.

"ಪಡುಬಿದ್ರಿ ಕಡಲ ಬದಿಗೆ ಹೋದರೆ?" ಅಂತ ಕೇಳಿದರು. ನೀರು ಇಳಿದಾಗ ಒದ್ದೆ ಮರಳು ಗಟ್ಟಿ ಇರುತ್ತದೆ, ಯಾವ ಟೈರೂ ನಡೆಯುತ್ತದೆ. ಮನೆಗೆ ಬಂದು ಸಿಹಿ ನೀರಿನಲ್ಲಿ ತೊಳೆಯದಿದ್ದರೆ ಚೈನ್ ಮಾತ್ರ ತುಕ್ಕು ಹಿಡಿಯುತ್ತದೆ.

ಈಗ ಇರುವ ಟೈರಿಗೂ ಫ್ರೇಮಿಗೂ ನಡುವೆ 5 ಮಿಲಿಮೀಟರಿನ ಆಲನ್ ಕೀ ಎರಡೂ ಬದಿ ಸಲೀಸಾಗಿ ತೂರುತ್ತದಾ ನೋಡಿ ಅಂದಿದ್ದೇನೆ. ಅದರ ಮೇಲೆ ಎಷ್ಟು ಜಾಗ ಉಳಿಯುತ್ತದೋ ನೋಡಿಕೊಂಡು 35ಕ್ಕೋ 38ಕ್ಕೋ ಆರ್ಡರ್ ಹಾಕುತ್ತಾರಂತೆ.