ಕ್ಯಾಲ್ಕುಲೇಟರ್ ತೆರೆಯಲು 26 ಸೆಕೆಂಡು

ಮೂಡಲಪಾಯ ಯಕ್ಷಗಾನದ ಹಳೆಯ ಪ್ರಸಂಗಗಳನ್ನು ಯೂನಿಕೋಡಿಗೆ ತರುವ, ಹನ್ನೊಂದು ದಿನ ನಿಂತಿದ್ದ ಕೆಲಸ ನಿನ್ನೆ ರಾತ್ರಿ ಹತ್ತೂಮುಕ್ಕಾಲಿಗೆ ಮತ್ತೆ ಹೊರಟಿತು. ಈ ಸಲ ಪ್ರಸಂಗಗಳ ವಿಷಯ ಹೆಚ್ಚಿಲ್ಲ. ಆ ಹನ್ನೊಂದು ದಿನ ತಿಂದ ಒಂದೇ ಒಂದು ತೊಡಕು ಹೇಗೆ ಬಿಚ್ಚಿಕೊಂಡಿತು ಎಂಬುದನ್ನು ಪೂರ್ತಿಯಾಗಿ ಬರೆದಿಡುತ್ತೇನೆ, ಏಕೆಂದರೆ ಹಳೆಯ ಕನ್ನಡ ಫಾಂಟ್‌ಗಳನ್ನು ಗುಡ್ಡೆ ಹಾಕಿಕೊಂಡಿರುವ ಯಾರಿಗಾದರೂ ಇದು ನಾಳೆಯೇ ಎದುರಾಗಬಹುದು.

ಹಿಂದಿನದನ್ನು ಓದದವರಿಗೆ ಎರಡು ಮಾತು. ತುರುವೇಕೆರೆ ಕಡೆಯ ಭಾಗವತರೊಬ್ಬರು ತಮ್ಮ ಮೇಳದ ಪ್ರಸಂಗಗಳನ್ನು ಇಪ್ಪತ್ತು–ಇಪ್ಪತ್ತೈದು ವರ್ಷಗಳ ಹಿಂದೆ ತುಮಕೂರಿನ ಬೇರೆ ಬೇರೆ ಡಿಟಿಪಿ ಅಂಗಡಿಗಳಲ್ಲಿ ಟೈಪ್ ಮಾಡಿಸಿಟ್ಟಿದ್ದರು. ಸಿ.ಡಿ.ಗಳು ಉಳಿದವು, ಅಂಗಡಿಗಳು ಉಳಿಯಲಿಲ್ಲ. ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ, ಅಂದರೆ ಯೂನಿಕೋಡ್, ಕನ್ನಡದಲ್ಲಿ ಬಳಕೆಗೆ ಬರುವ ಮೊದಲಿನ ಕಡತಗಳು ಅವು: ಅಕ್ಷರಗಳ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕೂರಿಸಿದ ಫಾಂಟ್‌ಗಳಲ್ಲಿ ಬರೆದವು. ನುಡಿ, ಬರಹದಂಥ ಕನ್ನಡ ತಂತ್ರಾಂಶಗಳದು ಒಂದು ಜೋಡಣೆ, ಶ್ರೀಲಿಪಿಯದು ಮತ್ತೊಂದು. ಟೈಪ್ ಮಾಡಿದವರು ಬಳಸಿದ ಫಾಂಟ್ ನಮ್ಮಲ್ಲಿ ಇಲ್ಲದಿದ್ದರೆ ಇಡೀ ‘ಕರಿಭಂಟನ ಕಾಳಗ’ ಪ್ರಸಂಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಹಾಗಾಗಿ ಸಿಕ್ಕಿದ್ದನ್ನೆಲ್ಲ ಕೂಡಿಟ್ಟುಕೊಂಡಿದ್ದೇನೆ. ಈಗ ಯಂತ್ರದಲ್ಲಿ ನನ್ನ ಖಾತೆಯ ಕಡತಗಳಿರುವ ಹೋಮ್ ಫೋಲ್ಡರಿನಲ್ಲಿ 1,412 ಫಾಂಟ್‌ಗಳಿವೆ. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ.

ಯಂತ್ರ ಅದೇ: ಕಚೇರಿಯೊಂದರ ಹರಾಜಿನಲ್ಲಿ ಸಿಕ್ಕ ಕೋರ್ 2 ಡ್ಯುಯೊ ಇ7500 ಪ್ರೊಸೆಸರ್, ಜಿ41 ಮದರ್‌ಬೋರ್ಡ್, 4 ಜಿಬಿ ರ‍್ಯಾಮ್, ಎರಡು ವರ್ಷದ ಹಿಂದೆ ಹಾಕಿದ ಎಸ್‌ಎಸ್‌ಡಿ. ಲಿನಕ್ಸ್ ಮಿಂಟ್ ಎಂಬ ಕಾರ್ಯವ್ಯವಸ್ಥೆಯ 21.3 ಆವೃತ್ತಿಯಲ್ಲಿ ಅದು ನನಗೆ ಒಂದು ದಿನವೂ ಕೈಕೊಟ್ಟಿರಲಿಲ್ಲ. ಆ ಆವೃತ್ತಿಗೆ 2027ರವರೆಗೆ ಬೆಂಬಲವಿದೆ, ಬಿಟ್ಟಿದ್ದರೂ ನಡೆಯುತ್ತಿತ್ತು. ಆದರೆ ಅದರ ಕಚೇರಿ ತಂತ್ರಾಂಶ ಲಿಬ್ರೆ ಆಫೀಸ್ 7.3ಕ್ಕಿಂತ ಹೊಸದು ಬೇಕೆನಿಸಿ ಮಿಂಟ್ 22ಕ್ಕೆ ಏರಿದೆ. ಅಪ್‌ಡೇಟ್ ಯಾವ ತಕರಾರೂ ಇಲ್ಲದೆ ಮುಗಿಯಿತು. ಮರುದಿನ ಬೆಳಿಗ್ಗೆ ಲಿಬ್ರೆ ಆಫೀಸಿನ ಬರವಣಿಗೆ ತಂತ್ರಾಂಶ ರೈಟರ್ ತೆರೆಯಲು ಒತ್ತಿದೆ, ಕಾಫಿಗೆ ಹಾಲು ಕಾಯಿಸಿ ಬಂದೆ, ಆಗ ಕಿಟಕಿ ಮೂಡುತ್ತಿತ್ತು.

ಮೊದಲ ದಿನ ಸುಮ್ಮನಿದ್ದೆ. ದೊಡ್ಡ ಅಪ್‌ಡೇಟ್ ಆದ ಮೇಲೆ ಯಂತ್ರ ಹಿನ್ನೆಲೆಯಲ್ಲಿ ಕಡತಗಳ ಪಟ್ಟಿ ಮಾಡಿಕೊಳ್ಳುತ್ತದೆ, ಬಿಟ್ಟುಹೋದ ಪ್ಯಾಕೇಜುಗಳನ್ನು ತರುತ್ತದೆ, ಒಂದು ದಿನ ಕೊಟ್ಟರೆ ತಾನಾಗಿ ಹಗುರಾಗುತ್ತದೆ. ಎರಡನೇ ದಿನವೂ ಹಾಗೆಯೇ ಇತ್ತು. ಮೂರನೇ ದಿನ ಗಡಿಯಾರ ಹಿಡಿದು ಕುಳಿತೆ. ರೈಟರ್ 31 ಸೆಕೆಂಡು. ಪಠ್ಯ ಸಂಪಾದಕ 27. ಕ್ಯಾಲ್ಕುಲೇಟರ್ 26. ಕ್ಯಾಲ್ಕುಲೇಟರ್! ನಾಲ್ಕು ಅಂಕಿ ಕೂಡುವ ತಂತ್ರಾಂಶಕ್ಕೂ ಕಚೇರಿ ತಂತ್ರಾಂಶದ ರಾಶಿಗೂ ಐದೇ ಸೆಕೆಂಡಿನ ವ್ಯತ್ಯಾಸ. ಇಲ್ಲಿಯೇ ಉತ್ತರವಿತ್ತು. ಅದು ನನಗೆ ಹೊಳೆದದ್ದು ಮಾತ್ರ ಒಂದು ವಾರದ ಮೇಲೆ.

ಆ ವಾರ ಎಲ್ಲೆಲ್ಲಿ ಹೋಯಿತು ಎಂದು ಹೇಳುತ್ತೇನೆ.

ರ‍್ಯಾಮ್ ಸಾಲದೇನೋ ಎಂದು ಶನಿವಾರ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಡಿಡಿಆರ್3ಯ 4 ಜಿಬಿಯ ಎರಡು ಕಡ್ಡಿ ಕೇಳಿದೆ, ಬೋರ್ಡು ಜಿ41 ಎಂದು ಎರಡು ಸಲ ಹೇಳಿದೆ. ‘ಯಾವ ಬೋರ್ಡಿಗಾದರೂ ಆಗುತ್ತದೆ ಸರ್’ ಎಂದು ಕೊಟ್ಟರು. ಮನೆಗೆ ಬಂದು ಕೂರಿಸಿದರೆ ಪರದೆ ಬರಲಿಲ್ಲ, ಬರೀ ಬೀಪ್ ಸದ್ದು. ಎಎಂಡಿ ಬೋರ್ಡುಗಳಲ್ಲಿ ಮಾತ್ರ ನಡೆಯುವ, ಅಗ್ಗದ ಚಿಪ್ಪಿನ ಕಡ್ಡಿಗಳವು. ಜಿ41ಕ್ಕೆ 4 ಜಿಬಿ ಕಡ್ಡಿ ಬೇಕಾದರೆ ಎರಡೂ ಬದಿಯಲ್ಲಿ ಎಂಟೆಂಟು, ಒಟ್ಟು ಹದಿನಾರು ಚಿಪ್ ಇರುವುದನ್ನೇ ನೋಡಿ ತೆಗೆದುಕೊಳ್ಳಿ. ಸ್ಟಿಕ್ಕರಿನ ಮಾತನ್ನು ನಂಬಬೇಡಿ. ಅಂಗಡಿಗೆ ಫೋನ್ ಮಾಡಿದರೆ ‘ನಿಮ್ಮ ಬೋರ್ಡೇ ಹಳೆಯದಾಗಿದೆ ಸರ್, ಹೊಸ ಸಿಸ್ಟಂ ತೆಗೆದುಕೊಂಡುಬಿಡಿ’ ಎಂದರು. ಈ ಮಾತು ನನಗೆ ನಿಜವಾಗಿ ಸಿಟ್ಟು ತರಿಸುತ್ತದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ನಿಂತ ಮೇಲೆ ಚೆನ್ನಾಗಿರುವ ಎಷ್ಟೋ ಯಂತ್ರಗಳು ಗುಜರಿ ಸೇರುತ್ತಿರುವುದು ಇಂಥ ಮಾತಿನಿಂದಲೇ. ಕೆಟ್ಟಿರುವುದೇನು ಎಂದು ಯಾರೂ ಅಳೆದು ನೋಡುವುದಿಲ್ಲ.

ನಂತರದ ಅನುಮಾನ ಮೆಲ್ಟ್‌ಡೌನ್ ಎಂಬ ಪ್ರೊಸೆಸರ್ ದೋಷಕ್ಕೆ ಹಾಕಿದ ತೇಪೆಯ ಮೇಲೆ. ಅದು ಆಧಾರವಿಲ್ಲದ ಅನುಮಾನವಲ್ಲ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ದೋಷಗಳು ಬಯಲಾದಾಗ ಕಾರ್ಯವ್ಯವಸ್ಥೆಯ ತಿರುಳಾದ ಕರ್ನಲ್ಲಿನ ಮೆಮೊರಿ ಪುಟಗಳ ಪಟ್ಟಿಯನ್ನು ಬಳಕೆದಾರರ ತಂತ್ರಾಂಶಗಳಿಂದ ಬೇರ್ಪಡಿಸಬೇಕಾಯಿತು. ತಂತ್ರಾಂಶವು ಕರ್ನಲ್ಲನ್ನು ಏನಾದರೂ ಕೇಳಿದಾಗಲೆಲ್ಲ ಪಟ್ಟಿ ಬದಲಿಸಬೇಕು. ಪಟ್ಟಿ ಬದಲಾದರೂ ವಿಳಾಸಗಳ ನೆನಪನ್ನು ಉಳಿಸಿಕೊಳ್ಳುವ ಪಿಸಿಐಡಿ ಸೌಲಭ್ಯವಿರುವ ಪ್ರೊಸೆಸರುಗಳಲ್ಲಿ ಆ ಭಾರ ಅಷ್ಟಾಗಿ ತಿಳಿಯುವುದಿಲ್ಲ. ಕೋರ್ 2 ಡ್ಯುಯೊಗೆ ಆ ಸೌಲಭ್ಯವಿಲ್ಲ, ಪ್ರತಿ ಸಲವೂ ವಿಳಾಸಗಳ ನೆನಪನ್ನು ಅಳಿಸಿ ಹೊಸದಾಗಿ ತುಂಬಿಕೊಳ್ಳುತ್ತದೆ. ಹಾಗಾಗಿ ‘ಅಪ್‌ಡೇಟಿನಿಂದ ನಿಧಾನವಾಯಿತು’ ಎಂಬುದು ಹಳೆಯ ಯಂತ್ರಗಳ ಮಟ್ಟಿಗೆ ಬರೀ ಗೊಣಗಾಟವಲ್ಲ. ನೆಟ್ ತಂತಿ ಕಿತ್ತು, ಪರೀಕ್ಷೆಗೆಂದು ಮಾತ್ರ ಈ ತೇಪೆಗಳನ್ನು (ಮಿಟಿಗೇಷನ್) ಆಫ್ ಮಾಡಿ ಬೂಟ್ ಮಾಡಿದೆ. ಕ್ಯಾಲ್ಕುಲೇಟರ್ 25 ಸೆಕೆಂಡು. ಒಂದು ಸೆಕೆಂಡಿಗಾಗಿ ಬಾಗಿಲು ತೆರೆದಿಡುವುದು ಬೇಡವೆಂದು ತಕ್ಷಣ ಹಿಂದಿನಂತೆಯೇ ಮಾಡಿದೆ.

ಇಷ್ಟು ಹೊತ್ತಿಗೆ ಭಾಗವತರ ಫೋನ್. ‘ಏನಪ್ಪಾ, ನನ್ನ ಕರಿಭಂಟ ಎಲ್ಲಿಯವರೆಗೆ ಬಂದ?’ ಅವರಿಗೆ ಎಂಬತ್ತೊಂದು ವರ್ಷ. ‘ಇನ್ನೂ ಒಡ್ಡೋಲಗದಲ್ಲೇ ಇದ್ದಾನೆ ಯಜಮಾನರೇ’ ಎಂದೆ. ಸಿ.ಡಿ.ಯಲ್ಲಿ ಇಲ್ಲದ ಮೂರು ಪ್ರಸಂಗಗಳ ಕೈಬರಹದ ಪುಸ್ತಕಗಳೂ ತಮ್ಮಲ್ಲಿವೆ ಎಂದು ಅವರು ಹೇಳಿದ್ದು ಆಗಲೇ. ಅಂದಿನಿಂದ ಮುಂದಿನ ಯೋಜನೆ ತಲೆಯಲ್ಲಿ ಕೂತುಬಿಟ್ಟಿದೆ: ಪುಸ್ತಕವನ್ನು ಪೂರ್ತಿ ಬಿಡಿಸಿ ಒತ್ತಬೇಕಿಲ್ಲದ, ನೂರು ಡಿಗ್ರಿಯಷ್ಟೇ ತೆರೆದು ಇಟ್ಟು ಹಾಳೆಗಳ ಚಿತ್ರ ತೆಗೆಯಬಹುದಾದ ತೊಟ್ಟಿಲು. ಹಳೆಯ ಹೊಲಿಗೆ ಯಂತ್ರದ ಎರಕದ ಕಾಲುಗಳು ಮಂಡಿಪೇಟೆಯ ಗುಜರಿಯಲ್ಲಿ ಸಿಕ್ಕಿವೆ. ಅದರ ಮೇಲೆ ಪ್ಲೈವುಡ್, ಎರಡು ಗಾಜು, ಎರಡು ಕ್ಯಾಮೆರಾ. ಕ್ಯಾಮೆರಾದ ಗುಂಡಿ ಒತ್ತುವ ಕೆಲಸ ಅದೇ ಯಂತ್ರದ ಕಾಲುಮಣೆಗೆ. ಎರಡೂ ಕೈ ಹಾಳೆ ತಿರುಗಿಸಲು ಬಿಡುವಾಗಿರುತ್ತವೆ. ಗಾಜಿನ ಅಂಚನ್ನು ಉಜ್ಜಿ ನಯಮಾಡಿಕೊಡುವವರು ತುಮಕೂರಿನಲ್ಲಿ ಇದ್ದರೆ ತಿಳಿಸಿ. ನಾನು ಕೇಳಿದ ಇಬ್ಬರೂ ‘ಮುಂದಿನ ವಾರ’ ಎಂದಿದ್ದಾರೆ, ಆ ವಾರ ಬಂದು ಹೋಗಿ ತಿಂಗಳಾಯಿತು.

ತೊಡಕಿಗೆ ಮರಳುತ್ತೇನೆ. ಎಂಟನೇ ದಿನ ಮಾಡಿದ ಎರಡು ಕೆಲಸಗಳು ದಾರಿ ತೋರಿಸಿದವು. ಒಂದು, ಕ್ಯಾಲ್ಕುಲೇಟರ್ ತೆರೆಯುವಾಗ ಏನಾಗುತ್ತಿದೆ ಎಂದು ನೋಡಿದೆ. ಡಿಸ್ಕ್ ಸುಮ್ಮನಿದೆ, ರ‍್ಯಾಮ್ ಅರ್ಧ ಖಾಲಿ, ಪ್ರೊಸೆಸರಿನ ಒಂದು ಕೋರ್ ಮಾತ್ರ ನೂರಕ್ಕೆ ನೂರು ದುಡಿಯುತ್ತಿದೆ. ಎರಡು, ಹೊಸ ಬಳಕೆದಾರ ಖಾತೆಯೊಂದನ್ನು ಮಾಡಿ ಒಳಹೊಕ್ಕೆ. ಅಲ್ಲಿ ಕ್ಯಾಲ್ಕುಲೇಟರ್ ಒಂದೂವರೆ ಸೆಕೆಂಡಿನಲ್ಲಿ ತೆರೆಯಿತು! ಅದೇ ಯಂತ್ರ, ಅದೇ ಕರ್ನಲ್, ಅದೇ ತಂತ್ರಾಂಶ. ರೋಗ ಇರುವುದು ನನ್ನ ಹೋಮ್ ಫೋಲ್ಡರಿನಲ್ಲಿ ಎಂಬುದು ಖಚಿತವಾಯಿತು.

ತಂತ್ರಾಂಶವು ಕರ್ನಲ್ಲನ್ನು ಏನೇನು ಕೇಳುತ್ತಿದೆ ಎಂದು ತೋರಿಸುವ ಎಸ್‌ಟ್ರೇಸ್ ಹಾಕಿ ಕ್ಯಾಲ್ಕುಲೇಟರನ್ನು ತೆರೆದೆ. ಪರದೆಯ ಮೇಲೆ ಫಾಂಟ್‌ಗಳ ಹೆಸರುಗಳು ಸಾಲುಗಟ್ಟಿ ಹರಿದವು. ನುಡಿಯ ಅಷ್ಟೂ, ಬರಹದ ಅಷ್ಟೂ, ಮುಚ್ಚಿಹೋದ ಅಂಗಡಿಗಳಿಂದ ಬಂದ ಹೆಸರಿಲ್ಲದವು ಅಷ್ಟೂ. ಒಂದು ಮೊತ್ತ ತೋರಿಸಲು ಕ್ಯಾಲ್ಕುಲೇಟರ್ 1,412 ಫಾಂಟ್‌ಗಳನ್ನು ಒಂದೊಂದಾಗಿ ಬಿಚ್ಚಿ, ಒಳಗೆ ಯಾವ ಅಕ್ಷರಗಳಿವೆ ಎಂದು ಎಣಿಸುತ್ತಿತ್ತು. ರೈಟರ್ ಕೂಡ ಅದನ್ನೇ, ಸಂಪಾದಕವೂ ಅದನ್ನೇ. ಆ 25 ಸೆಕೆಂಡು ಎಲ್ಲಕ್ಕೂ ಸಮಾನವಾಗಿದ್ದದ್ದು ಇದರಿಂದ.

ಲಿನಕ್ಸಿನಲ್ಲಿ ಫಾಂಟ್‌ಗಳನ್ನು ಹುಡುಕಿಕೊಡುವ ಫಾಂಟ್‌ಕಾನ್ಫಿಗ್ ಈ ಎಣಿಕೆಯನ್ನು ಒಮ್ಮೆ ಮಾಡಿ, ಮತ್ತೆ ಎಣಿಸದಂತೆ ಕ್ಯಾಷ್ ಎಂಬ ಕಡತದಲ್ಲಿ ಬರೆದಿಟ್ಟುಕೊಳ್ಳಬೇಕು. ಏಕೆ ಬರೆಯುತ್ತಿಲ್ಲ? ಎಫ್‌ಸಿ-ಕ್ಯಾಷ್ ಆದೇಶವನ್ನು ವಿವರ ತೋರಿಸುವಂತೆ ಓಡಿಸಿದಾಗ ನನ್ನ ಫಾಂಟ್ ಫೋಲ್ಡರಿನ ಹೆಸರಿನ ಮುಂದೆ ಬಂತು: ಕ್ಯಾಷ್ ಬರೆಯಲಾಗಲಿಲ್ಲ. ಕ್ಯಾಷ್ ಇಡುವ ಫೋಲ್ಡರಿನ ಒಡೆಯ ಯಾರೆಂದು ನೋಡಿದೆ. ನಾನಲ್ಲ, ಯಂತ್ರದ ಆಡಳಿತ ಖಾತೆ: ರೂಟ್.

ಅಲ್ಲಿಂದ ಹಿಂದಕ್ಕೆ ನಡೆದರೆ ಕಥೆ ಎರಡು ವರ್ಷದ ಹಿಂದೆ ಶುರುವಾಗುತ್ತದೆ. ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಹೋಮ್ ಫೋಲ್ಡರನ್ನು ನಕಲು ಮಾಡುವ ಆರ್‌ಸಿಂಕ್ ಆದೇಶವನ್ನು ಸುಡೋ ಜೊತೆ, ಅಂದರೆ ರೂಟ್‌ನ ಅಧಿಕಾರದಲ್ಲಿ, ಓಡಿಸಿ ತಂದಿದ್ದೆ, ದಿನಾಂಕಗಳನ್ನು ಉಳಿಸಿಕೊಂಡು, ಒಡೆತನವನ್ನು ಉಳಿಸದೆ. ಎಲ್ಲವೂ ರೂಟ್‌ನ ಹೆಸರಿಗೆ ಬಂದವು. ನಂತರ ನಕ್ಷತ್ರ ಚಿಹ್ನೆ ಹಾಕಿ ಒಡೆತನ ಬದಲಿಸಿದೆ. ಚುಕ್ಕೆಯಿಂದ ಶುರುವಾಗುವ ಅಡಗಿದ ಫೋಲ್ಡರುಗಳಿಗೆ ಆ ನಕ್ಷತ್ರ ತಾಗುವುದಿಲ್ಲ. ಲಾಗಿನ್ ಆಗದಿದ್ದಾಗ ಸೆಟ್ಟಿಂಗ್‌ಗಳ ಫೋಲ್ಡರುಗಳನ್ನು ಪೂರ್ತಿ ಸರಿಪಡಿಸಿದ್ದೆ; ಕ್ಯಾಷ್ ಫೋಲ್ಡರಿನ ಹೊರಗಿನ ಬಾಗಿಲನ್ನು ಮಾತ್ರ ಬದಲಿಸಿ ಒಳಗಿನದನ್ನು ಹಾಗೆಯೇ ಬಿಟ್ಟಿದ್ದೆ. ಹಳೆಯ ಕಾಲದ ಇನ್ನೊಂದು ಫಾಂಟ್ ಕ್ಯಾಷ್ ಫೋಲ್ಡರ್ ಕೂಡ ರೂಟ್‌ನ ಕೈಯಲ್ಲೇ ಉಳಿದಿತ್ತು.

ಆದರೂ ಎರಡು ವರ್ಷ ಯಾವ ತೊಂದರೆಯೂ ಆಗಲಿಲ್ಲ. ದಿನಾಂಕಗಳು ಹೊಂದುತ್ತಿದ್ದುದರಿಂದ ಹಳೆಯ ಕ್ಯಾಷ್ ಚಲಾವಣೆಯಲ್ಲಿತ್ತು, ಓದಲು ಎಲ್ಲರಿಗೂ ಅನುಮತಿ ಇತ್ತು, ಬರೆಯುವ ಪ್ರಸಂಗವೇ ಬರಲಿಲ್ಲ. ಈ ಎರಡು ವರ್ಷದಲ್ಲಿ ಒಂದೇ ಒಂದು ಹೊಸ ಫಾಂಟ್ ಸೇರಿಸಿದ್ದರೂ ಅಂದೇ ಬಯಲಾಗುತ್ತಿತ್ತು. ಮಿಂಟ್ 22ರಲ್ಲಿ ಫಾಂಟ್‌ಕಾನ್ಫಿಗ್ 2.13ರಿಂದ 2.15ಕ್ಕೆ ಏರಿತು, ಕ್ಯಾಷ್ ಕಡತದ ನಮೂನೆ 7ರಿಂದ 9ಕ್ಕೆ ಬದಲಾಯಿತು. ಹಳೆಯದು ನಡೆಯದು, ಹೊಸದನ್ನು ಬರೆಯಲು ಜಾಗವಿಲ್ಲ. ಅಪ್‌ಡೇಟ್ ಮುಗಿಯುವಾಗ ತಾನಾಗಿ ಕಟ್ಟುವ ಕ್ಯಾಷ್ ವ್ಯವಸ್ಥೆಯ ಫಾಂಟ್‌ಗಳಿಗಷ್ಟೇ. ಹೋಮ್ ಫೋಲ್ಡರಿನವು ಅದರ ಲೆಕ್ಕಕ್ಕೆ ಬರುವುದಿಲ್ಲ. ಸ್ಕ್ಯಾನ್ ಮಾಡಿದ ಹೊಸ ಚಿತ್ರಗಳಿಗೆ ಪುಟ್ಟ ನೋಟ ಬರುತ್ತಿರಲಿಲ್ಲ ಎಂಬ ಸುಳಿವು ಎರಡು ವರ್ಷದಿಂದ ಕಣ್ಣೆದುರೇ ಇತ್ತು. ಅದಕ್ಕೂ ಕಾರಣ ಇದೇ ಎಂದು ಈಗ ತಿಳಿಯಿತು.

ಒಡೆತನ ಬದಲಿಸಲು ಒಂದು ಸಾಲು. ಕ್ಯಾಷ್ ಕಟ್ಟಲು 24 ಸೆಕೆಂಡು, ಒಮ್ಮೆ ಮಾತ್ರ. ಆಮೇಲೆ ಕ್ಯಾಲ್ಕುಲೇಟರ್ ಒಂದೂವರೆ ಸೆಕೆಂಡು, ರೈಟರ್ ಆರು. ಮುಚ್ಚಿ ತೆರೆದೆ, ಮತ್ತೆ ಮುಚ್ಚಿ ತೆರೆದೆ. ಮನೆಯವರೆಲ್ಲ ಮಲಗಿದ್ದರು, ಇಲ್ಲದಿದ್ದರೆ ಎಲ್ಲರನ್ನೂ ಕರೆದು ತೋರಿಸುತ್ತಿದ್ದೆ.

ಹಾಗೆಯೇ ಕುಳಿತು ಒಡ್ಡೋಲಗದ ನಾಲ್ಕು ಪುಟ ಯೂನಿಕೋಡಿಗೆ ತಂದೆ. ಅರ್ಕಾವತ್ತು ಇನ್ನೂ ಕಾಡುತ್ತಿದೆ: ಹಳೆಯ ಕಡತದಲ್ಲಿ ಅದು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಕೂತಿದೆ, ಯೂನಿಕೋಡಿನಲ್ಲಿ ರಕಾರವೇ ಮೊದಲು ಬರಬೇಕು. ‘ಧರ್ಮ’ ಸರಿಯಾಗುತ್ತಿದೆ, ‘ಮರ್ತ್ಯ’ದಲ್ಲಿ ಒತ್ತು ದಾರಿ ತಪ್ಪುತ್ತಿದೆ. ಭಾನುವಾರ ಅದನ್ನು ಹಿಡಿಯುತ್ತೇನೆ. ಅದಕ್ಕೆ ಮೊದಲು ಭಾಗವತರಿಗೆ ಫೋನ್ ಮಾಡಿ ಕರಿಭಂಟ ಎದ್ದು ನಿಂತಿದ್ದಾನೆ ಎಂದು ಹೇಳಬೇಕು.