ಅಂಕಿ ಏರಿತು, ಹುಡುಗ ಮಾತು ನಿಲ್ಲಿಸಿದ

"ಡಾಕ್ಟರೇ, ಬರೀ ಆಕ್ಸಿಜನ್ ಕೊಡಬೇಡಿ, ಮೊದಲು ಅವನ ಬೈಪ್ಯಾಪ್ ಹಾಕಿ." ಕಳೆದ ಮಂಗಳವಾರ ರಾತ್ರಿ ಮುಂಬಯಿಯ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಅಕ್ಕ ಈ ಮಾತನ್ನು ಮರಾಠಿಯಲ್ಲಿ ಒಮ್ಮೆ, ಹಿಂದಿಯಲ್ಲಿ ಒಮ್ಮೆ ಹೇಳಿದಳು. "ರಕ್ತದಲ್ಲಿ ಆಕ್ಸಿಜನ್ ಸ್ಯಾಚುರೇಶನ್ 88 ಇದೆ, ನಮ್ಮ ಕೆಲಸ ನಮಗೆ ಬಿಡಿ" ಎಂದ ತರುಣ ವೈದ್ಯರು ಹುಡುಗನ ಮೂಗಿಗೆ ಆಮ್ಲಜನಕದ ನಳಿಕೆ ಸಿಕ್ಕಿಸಿದರು. ಡೊಂಬಿವಲಿಯ ಮನೆಯಿಂದ ಹೊತ್ತು ತಂದಿದ್ದ ಬೈಪ್ಯಾಪ್ ಎಂಬ ಆ ಉಸಿರಾಟದ ಯಂತ್ರ ಮಂಚದ ಕೆಳಗೆ ಚೀಲದಲ್ಲೇ ಉಳಿಯಿತು.

ಅಕ್ಕನ ಮಗನಿಗೆ ಈಗ 19 ವರ್ಷ. ಕಾಯಿಲೆ ಡುಶೆನ್ ಸ್ನಾಯುಕ್ಷಯ. ಎರಡು ವರ್ಷಗಳ ಹಿಂದೆ ಬೆಳಗಾದರೆ ತಲೆನೋವು, ತರಗತಿಯಲ್ಲಿ ತೂಕಡಿಕೆ ಶುರುವಾದಾಗ ನಾವೆಲ್ಲ ಓದಿನ ದಣಿವೆಂದೇ ತಿಳಿದಿದ್ದೆವು. ಅವನ ಶ್ವಾಸಕೋಶಕ್ಕೆ ಕಾಯಿಲೆಯಿಲ್ಲ, ಅದನ್ನು ಹಿಗ್ಗಿಸಬೇಕಾದ ವಪೆಗೆ, ಅಂದರೆ ಎದೆ-ಹೊಟ್ಟೆಗಳ ನಡುವಿನ ಸ್ನಾಯುವಿಗೆ, ಬಲವಿಲ್ಲ. ಅದರಿಂದ ನಿದ್ದೆಯಲ್ಲಿ ಉಸಿರು ಮೇಲುಮೇಲಕ್ಕೇ ಆಡಿ, ಹೊರಹೋಗಬೇಕಾದ ಇಂಗಾಲದ ಡೈಆಕ್ಸೈಡ್ ರಕ್ತದಲ್ಲೇ ಉಳಿಯುತ್ತದೆ. ಉಸಿರೆಳೆಯುವಾಗ ಹೆಚ್ಚು, ಬಿಡುವಾಗ ಕಡಿಮೆ ಒತ್ತಡ ಕೊಡುವ ಬೈಪ್ಯಾಪ್ ಸೋತ ಸ್ನಾಯುವಿನ ಕೆಲಸಕ್ಕೆ ಹೆಗಲು ಕೊಡುತ್ತದೆ. ಬರಿಯ ಆಮ್ಲಜನಕ ಆ ಕೆಲಸ ಮಾಡುವುದಿಲ್ಲ. ಪರದೆಯ ಅಂಕಿಯನ್ನು ಏರಿಸಿ, ಒಳಗಿನ ಅಪಾಯವನ್ನು ಮರೆಮಾಡುತ್ತದೆ, ಕೆಲವೊಮ್ಮೆ ಉಸಿರನ್ನು ಇನ್ನಷ್ಟು ಕುಗ್ಗಿಸುತ್ತದೆ.

ಆ ರಾತ್ರಿ ಆದದ್ದೂ ಅದೇ. ಅಂಕಿ 98ಕ್ಕೆ ಏರಿತು, ಭಾವ ನಿಟ್ಟುಸಿರು ಬಿಟ್ಟು ಅಕ್ಕನಿಗೇ "ನೀನು ಸುಮ್ಮನಿರು" ಎಂದರು. ಆ ಮಾತಿಗಾಗಿ ಅವರ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ. ಸ್ವಲ್ಪ ಹೊತ್ತಿನಲ್ಲೇ ಹುಡುಗ ಹೆಸರು ಹಿಡಿದು ಕೂಗಿದರೂ ಓಗೊಡಲಿಲ್ಲ. ಹಿರಿಯ ವೈದ್ಯೆ ಬಂದು ರಕ್ತಪರೀಕ್ಷೆ ಮಾಡಿಸಿದಾಗ, 35ರಿಂದ 45ರೊಳಗೆ ಇರಬೇಕಾದ ಡೈಆಕ್ಸೈಡ್ ಪ್ರಮಾಣ 81 ಇತ್ತು. ಅವರು ತಾವೇ ಬಗ್ಗಿ ಚೀಲದಿಂದ ಯಂತ್ರವನ್ನು ತೆಗೆದರು. ಮಾಸ್ಕಿನ ಪಟ್ಟಿ ಬಿಗಿಯುವ ಮುನ್ನ ಅಕ್ಕ ಅವನ ಮೂಗಿನ ಏಣಿನ ಮೇಲೆ, ಎರಡು ವರ್ಷಗಳಿಂದ ಕೆಂಪಗೆ ಕಂದಿದ ಜಾಗದಲ್ಲಿ, ಉಗುರಗಲದ ಮೆತ್ತನೆಯ ಪಟ್ಟಿ ಅಂಟಿಸಿದಳು, ಬೆರಳು ನಡುಗಲಿಲ್ಲ. ಬೆಳಗಿನ ಜಾವ ಅವನು ಕಣ್ಣು ತೆರೆದು, "ಮಾಮ, ಕೈ ಸ್ವಲ್ಪ ತಿರುಗಿಸಿ ಇಡಿ" ಎಂದ.

1952ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೋ ಹಬ್ಬಿದಾಗಲೂ ರೋಗಿಗಳ ರಕ್ತದಲ್ಲಿ ಏರಿದ್ದ ಈ ಅಂಶವನ್ನು ವೈದ್ಯರು ತಪ್ಪಾಗಿ ಓದಿದ್ದರು. ಅದು ಉಸಿರು ಸಾಲದ ಲಕ್ಷಣವೆಂದು ಗುರುತಿಸಿದವರು ಅಲ್ಲಿನ ಅರಿವಳಿಕೆ ವೈದ್ಯ ಬ್ಯೋರ್ನ್ ಇಬ್ಸೆನ್. ಆಮೇಲೆ ನೂರಾರು ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯಲ್ಲಿ ಕುಳಿತು, ಕೈಯಿಂದ ಗಾಳಿಚೀಲ ಒತ್ತಿ ರೋಗಿಗಳಿಗೆ ಉಸಿರು ಕೊಟ್ಟರು. ಎಪ್ಪತ್ತು ವರ್ಷ ಹಳೆಯ ಈ ಅರಿವು ಒಂದು ಮಂಚದ ಬಳಿಗೆ ತಲುಪಲು ತಾಯಿಯೊಬ್ಬಳು ಎರಡು ಭಾಷೆಗಳಲ್ಲಿ ಬೇಡಬೇಕಾಯಿತೇ? ಆ ತರುಣ ವೈದ್ಯರು ಕೆಟ್ಟವರಲ್ಲ, ನಿದ್ದೆಗೆಟ್ಟು ಅವರ ಕಣ್ಣು ಕೆಂಪಾಗಿತ್ತು. ಆದರೆ ಅವರು ಪರದೆಯನ್ನು ನೋಡಿದಷ್ಟು ಹುಡುಗನ ಎದೆಯನ್ನು ನೋಡಲಿಲ್ಲ, ಅಕ್ಕನ ಮುಖವನ್ನಂತೂ ನೋಡಲೇ ಇಲ್ಲ.

ಶುಕ್ರವಾರ ಮನೆಗೆ ಬಂದ ಮೇಲೆ ಅಕ್ಕ ಆ ಮಾತನ್ನೇ ಮರಾಠಿಯಲ್ಲಿ ದಪ್ಪಕ್ಷರದಲ್ಲಿ ಬರೆದು ಯಂತ್ರದ ಚೀಲಕ್ಕೆ ಹೊಲಿದಿದ್ದಾಳೆ. ಮೊದಲು ಬರೆದಿದ್ದ 'ಕೃಪಯಾ' ಎಂಬ ಪದವನ್ನು ಅವಳೇ ಹೊಡೆದುಹಾಕಿದ್ದಳು.